ಕ್ಲಚ್ಚಿನ ತೂಕ ಇಳಿಸಿದ ಬೊಮ್ಮಣ್ಣ

"ಹಿಮಗಿರಿಯ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಮೇಲಿನ ಕೋಟೆಯ ನಲವತ್ತು ಜನರು ಎದೆಮಟ್ಟದ ಹಿಮದಲ್ಲಿ ಸಿಲುಕಿದ್ದಾರೆ, ಹಿಟ್ಟು ತೀರಿದೆ. ಮೂರು ಒಗಟು ಬಿಡಿಸಿದವನಿಗೆ ಅರಸರ ಎಂಜಿನ್ನಿನ ಹಿಮಬಂಡಿಯೂ ಅರ್ಧ ರಾಜ್ಯವೂ ಸಲ್ಲುವುವು. ತಪ್ಪಿದವನು ತಾನೇ ಅಣಿಗೊಳಿಸಿದ ಬಂಡಿಯನ್ನೇರಿ ಘಟ್ಟ ಹತ್ತತಕ್ಕದ್ದು."

ಅರಸನ ಈ ಡಂಗುರ ಕೇಳಿ ಬಂದು, ಒಗಟಿನಲ್ಲಿ ತಪ್ಪಿ, ಹಾಗೆ ಹತ್ತಿದ ಇಬ್ಬರ ಹೆಣವೂ ಸಿಕ್ಕಿರಲಿಲ್ಲ.

ಮೂರನೆಯವನಾಗಿ ದಳಪತಿ ವಿಕ್ರಾಂತ ನಿಂತ. ಅರಸ ಕೇಳಿದ: "ತಳದಲ್ಲಿ ಹತ್ತಾಳಿನ ಬಲವಿದ್ದವನಿಗೆ ಶಿಖರದಲ್ಲಿ ಏಳಾಳಿನ ಬಲ. ಮೂವರನ್ನು ಕದ್ದವರು ಯಾರು?"

"ಎಣ್ಣೆ ಕದಿಯುವ ಸೇವಕರು, ಪ್ರಭು."

"ಬಂಡಿ ಅಣಿ ಮಾಡಿಕೊ" ಎಂದ ಅರಸ, ಬೇಸತ್ತ ದನಿಯಲ್ಲಿ.

ಆಗ ಬಂಡಿ ತೊಳೆಯುವ ಬೊಮ್ಮಣ್ಣ ಮುಂದೆ ಬಂದ. ಮೂರು ದಿನ ಹಿಮ ತೋಡಿ ಅವನ ಕೈ ಊದಿಕೊಂಡಿತ್ತು. ಅವನ ತಾಯಿ ಮೇಲಿನ ಕೋಟೆಯಲ್ಲಿ ರೊಟ್ಟಿ ಬಡಿಯುವವಳು.

"ಜಿಡ್ಡಿನ ಕೈಯವನೇ, ನಿನಗೂ ಸಾಯುವ ಆಸೆಯೇ?" ಎಂದ ವಿಕ್ರಾಂತ.

"ಆಸೆಯಿಲ್ಲ ಬುದ್ಧಿ. ನಿಂತುಕೊಳ್ಳುವುದೇ ಕಷ್ಟವಾಗಿದೆ, ಬೇಗ ಹೇಳಿಬಿಡುತ್ತೇನೆ. ಕದ್ದದ್ದು ತೆಳುಗಾಳಿ. ಎಂಜಿನ್ನಿಗೂ ಉಸಿರು ಬೇಕು."

"ಅಕ್ಕ ಬಾಯಿ ಮುಚ್ಚಿದರೆ ತಂಗಿ ಬಾಯಿ ತೆರೆಯುವಳು. ಇಬ್ಬರಿಗೂ ಒಂದೇ ನಡುಪಟ್ಟಿ. ಯಾರವರು?" ಎಂದು ಅರಸ ಎರಡನೆಯದನ್ನು ಕೇಳಿದ.

"ಎಂಜಿನ್ನಿನ ಬಲವನ್ನು ಬಂಡಿಗೆ ಮುಟ್ಟಿಸುವ ಕ್ಲಚ್ಚಿನ ಎರಡು ಗಾಲಿಗಳು. ನಡುಪಟ್ಟಿಯೆಂದರೆ ಬೆಲ್ಟು. ಒಂದು ಗಾಲಿ ಅದನ್ನು ಹಿಡಿದಂತೆ ಇನ್ನೊಂದು ಸಡಿಲ ಬಿಡುತ್ತದೆ."

ಅರಸ ಮುಂದಕ್ಕೆ ಬಾಗಿದ. "ಬಲ ಕುಂದಿದವನಿಗೆ ಏನನ್ನು ಕೊಟ್ಟರೆ ಏರಿಯಾನು?"

ಬೊಮ್ಮಣ್ಣ ತನ್ನ ಬಿಗಿದ ಮುಷ್ಟಿಯನ್ನು ನೋಡಿಕೊಂಡ. ವಿಕ್ರಾಂತ ನಕ್ಕ.

"ಏನನ್ನೂ ಕೊಡಬಾರದು ಪ್ರಭು, ತೆಗೆಯಬೇಕು. ಏರು ಬಂದಾಗ ಅವ್ವ ಬಿಂದಿಗೆಯ ನೀರನ್ನು ಅರ್ಧ ಚೆಲ್ಲುತ್ತಿದ್ದಳು. ಕ್ಲಚ್ಚಿನೊಳಗೆ ತಿರುಗುವ ತೂಕದ ತುಂಡುಗಳಿವೆ. ಅವು ಭಾರವಾದರೆ ಬೆಲ್ಟನ್ನು ಬೇಗನೆ ಬಿಗಿಹಿಡಿಯುತ್ತವೆ, ದಣಿದ ಎಂಜಿನ್ ಆಳದ ಹಿಮದಲ್ಲಿ ಮುಗ್ಗರಿಸುತ್ತದೆ. ಹೋದ ಇಬ್ಬರೂ ತಳದ ದಾರಿಗೆಂದು ಮಾಡಿದ ತೂಕದಲ್ಲೇ ಹೋದರು. ಬೇಡವೆಂದೆ, ಕೇಳಲಿಲ್ಲ." ಅವನು ಅಂಗೈ ಬಿಚ್ಚಿದ. ಅರದಿಂದ ಉಜ್ಜಿ ಹಗುರ ಮಾಡಿದ ಮೂರು ಉಕ್ಕಿನ ತುಂಡುಗಳು ಅದರಲ್ಲಿದ್ದವು.

ಅರಸ ಕಣ್ಣೊರೆಸಿಕೊಂಡ. "ಮೂರೂ ಸರಿ. ಅರ್ಧ ರಾಜ್ಯ ನಿನ್ನದು. ದಳಪತಿಯೂ ನಿನ್ನ ಹಿಂದೆಯೇ ಘಟ್ಟ ಹತ್ತಲಿ."

"ಎರಡೂ ಇಲ್ಲೇ ಇರಲಿ ಪ್ರಭು," ಎಂದ ಬೊಮ್ಮಣ್ಣ ಹಿಟ್ಟಿನ ಮೂಟೆಯನ್ನು ಹೆಗಲಿಗೇರಿಸುತ್ತ. "ದಾರಿಯಲ್ಲಿ ದಳಪತಿಗಳನ್ನು ತೋಡಿ ತೆಗೆಯುವ ಶಕ್ತಿ ನನಗಿಲ್ಲ. ರಾಜ್ಯವನ್ನು ಇಳಿದು ಬಂದ ಮೇಲೆ ಕೊಡಿ. ಈಗ ಅದೂ ಭಾರವೇ."

ಸಂಜೆಯ ಹೊತ್ತಿಗೆ ಮೇಲಿನ ಕೋಟೆಯಿಂದ ಒಲೆಯ ಹೊಗೆ ಎದ್ದಿತು. ತಾಯಿ ಮೊದಲ ರೊಟ್ಟಿ ತಟ್ಟುವಷ್ಟರಲ್ಲಿ, ಅರ್ಧ ರಾಜ್ಯದ ಒಡೆಯ ಖಾಲಿ ಮೂಟೆಯ ಮೇಲೆ ನಿದ್ದೆ ಹೋಗಿದ್ದ.