ಬಿಚ್ಚದ ಕ್ಯಾಸೆಟ್

ಹರಿಹರದಲ್ಲಿ, ಹೊಳೆಯ ದಂಡೆಗೆ, ಮಹಾರುದ್ರ ಮೇಷ್ಟ್ರ ಮನೆ. ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ಟುಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂಬ ವಿಷಯದಲ್ಲಿ ಅವರು ಹೇಳಿದ್ದೇ ಕೊನೆಯ ಮಾತು. ಕೊಳ್ಳುವ ಮುಂಚೆ ಜನ ದೂರದೂರದಿಂದ ಬಂದು ಅವರಿಗೆ ತೋರಿಸಿಕೊಂಡು ಹೋಗುತ್ತಿದ್ದರು.

ನೀಲಾಂಬಿಕೆ ಅವರ ಶಿಷ್ಯೆ. ಕಲಿಯಲು ಬಂದು ಎರಡು ವರ್ಷವಾಗಿತ್ತು.

ಒಂದು ಬೆಳಿಗ್ಗೆ ಮೇಷ್ಟ್ರು ಅವಳ ಮುಂದೆ ಮೂರು ಕ್ಯಾಸೆಟ್ ಇಟ್ಟರು.

"ನೋಡಿ ಹೇಳು."

ಅವಳು ಒಂದನ್ನು ಬೆಳಕಿಗೆ ಹಿಡಿದಳು. "ಲೇಬಲ್ ಇಷ್ಟು ಮಿಂಚಬಾರದು. ನಕಲಿ."

ಇನ್ನೊಂದನ್ನು ಅಂಗೈಯಲ್ಲಿ ತೂಗಿದಳು. "ಹಗುರ. ಇದೂ ನಕಲಿ."

ಮೂರನೆಯದರ ಸ್ಕ್ರೂ ಬಿಚ್ಚಿದಳು. ಒಳಗಿನ ಬೋರ್ಡಿನ ಮೇಲೆ ಕಂಪನಿಯ ಗುರುತು, ಇಸವಿ, ಸಾಲಾಗಿ ಬೆಸುಗೆ ಹಾಕಿದ ಚಿಪ್ಪಿನ ಕಾಲುಗಳು. ಅವಳ ಮುಖ ಅರಳಿತು.

"ಅಸಲಿ, ಮೇಷ್ಟ್ರೇ."

"ಮೂರೂ ಸರಿ."

ನೀಲಾಂಬಿಕೆಗೆ ಕುಳಿತಲ್ಲಿ ಕುಳಿತಿರಲು ಆಗಲಿಲ್ಲ. "ಇನ್ನೊಂದು ಕೊಡಿ" ಎಂದಳು.

ಮೇಷ್ಟ್ರು ಗಾಜಿನ ಕಪಾಟಿನಿಂದ 'ಚಂದ್ರನೌಕೆ' ಆಟದ ಕ್ಯಾಸೆಟ್ ತೆಗೆದರು. ಅದು ಅವರ ಗುರುಗಳು ಕೊಟ್ಟದ್ದು. ಅಸಲಿ ಹೇಗಿರುತ್ತದೆ ಎಂದು ಶಿಷ್ಯರೆಲ್ಲ ಕಲಿತದ್ದು ಅದನ್ನು ಮುಟ್ಟಿ ನೋಡಿಯೇ.

"ಇದು ಪರೀಕ್ಷೆಗಲ್ಲ. ಮಂಗಳೂರಿನ ಲೋಬೊ ಒಂಬತ್ತು ವರ್ಷದಿಂದ ಈ ಆಟ ಹುಡುಕುತ್ತಿದ್ದಾರೆ. ಅವರಿಗೇ ಮಾರೋಣ ಅಂತ ಮನಸ್ಸು ಮಾಡಿದ್ದೇನೆ. ಇನ್ನೇನು ಬರುತ್ತಾರೆ. ಒರೆಸಿಡು."

ನೀಲಾಂಬಿಕೆ ಬಟ್ಟೆ ತೆಗೆದುಕೊಳ್ಳಲಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡಳು.

"ಅದನ್ನು ಬಿಚ್ಚಬೇಕಾಗಿಲ್ಲ."

"ನೀವು ಯಾವತ್ತಾದರೂ ಬಿಚ್ಚಿ ನೋಡಿದ್ದೀರಾ, ಮೇಷ್ಟ್ರೇ?"

"ಗುರುಗಳು ಕೊಟ್ಟದ್ದು ಅಂದೆನಲ್ಲ."

"ಒಳಗೆ ನೋಡದೆ ತಗೋಬೇಡ ಅಂತ ನೀವೇ ಹೇಳಿದ್ದು."

"ಕೊಳ್ಳುವವರಿಗೆ ಹೇಳಿದ್ದು ಅದು."

"ಲೋಬೊ ಅವರು ಕೊಳ್ಳುವವರಲ್ಲವೇ?"

ಮೇಷ್ಟ್ರು ಕ್ಯಾಸೆಟ್ಟನ್ನು ಅವಳ ಕಡೆ ಸರಿಸಿದರು.

ಲೇಬಲ್ ಅಸಲಿ. ಸ್ಕ್ರೂ ಅಸಲಿ. ಹೊರಗಿನ ಪ್ಲಾಸ್ಟಿಕ್ಕೂ ಅಸಲಿಯೇ. ಅವಳು ಮುಚ್ಚಳ ಎತ್ತಿದಳು.

ಒಳಗಿನ ಬೋರ್ಡಿನಲ್ಲಿ ಗುರುತಿರಲಿಲ್ಲ, ಇಸವಿಯಿರಲಿಲ್ಲ. ಚಿಪ್ ಇರಬೇಕಾದಲ್ಲಿ ಡಾಂಬರಿನ ಹನಿಯಂಥ ಕರಿಯ ಅಂಟು, ಅಗ್ಗದ ನಕಲಿಗಳಲ್ಲಿ ಇರುವಂಥದ್ದು.

ಕಂಡುಹಿಡಿದ ಖುಷಿಗೆ ಅವಳು ಬೋರ್ಡನ್ನು ಬೆಳಕಿಗೆ ಎತ್ತಿ ಹಿಡಿದಳು. ಮರುಕ್ಷಣ ಮೇಷ್ಟ್ರ ಮುಖ ನೋಡಿ ಅದನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು.

"ಯಾಕೆ ಇಟ್ಟುಬಿಟ್ಟೆ? ಹೇಳು."

"ಯಾರೋ ಒಳಗಿನದನ್ನು ಬದಲಾಯಿಸಿದ್ದಾರೆ. ನಕಲಿ, ಮೇಷ್ಟ್ರೇ."

ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿದರು. ನೋಡಿದರು. ಬೆರಳಿನಿಂದ ಆ ಕರಿಯ ಅಂಟನ್ನು ಮುಟ್ಟಿದರು. ನಿಧಾನವಾಗಿ ಅವರ ಮುಖದ ಮೇಲೆ ನಗು ಹರಡಿತು.

"ಇಪ್ಪತ್ತಾರು ವರ್ಷ ಗಾಜಿನೊಳಗೆ ಇಟ್ಟಿದ್ದೆ ನೋಡು" ಎಂದರು. "ಗುರುಗಳೂ ಬಿಚ್ಚಿರಲಿಕ್ಕಿಲ್ಲ. ಅವರಿಗೆ ಯಾರೋ ಗೆಳೆಯರು ಕೊಟ್ಟದ್ದಂತೆ."

ಅಷ್ಟರಲ್ಲಿ ಲೋಬೊ ಬಾಗಿಲಿಗೆ ಬಂದರು. ಮೇಷ್ಟ್ರು ಎದ್ದು ಹೋಗಿ, ಅವರ ಕೈ ಹಿಡಿದು ಮೇಜಿನವರೆಗೆ ಕರೆತಂದರು.

"ಬನ್ನಿ ಬನ್ನಿ, ನೋಡಿ. ನಾನು ಅಸಲಿ ಅಂದಿದ್ದೆನಲ್ಲ, ಅದು ನಕಲಿ. ಈಗಷ್ಟೇ ನೀಲಾ ಕಂಡುಹಿಡಿದಳು."

ಲೋಬೊ ಕುರ್ಚಿಯಲ್ಲಿ ಕುಸಿದು ಕುಳಿತರು. ನೀಲಾಂಬಿಕೆ ನೀರು ತಂದುಕೊಟ್ಟಳು. ಕುಡಿದು ಮುಗಿಸಿ ಅವರು ತೆರೆದ ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇನ್ನೂ ಹುಡುಕುತ್ತೇನೆ" ಎಂದು ಎದ್ದರು. ಹೊಸಿಲು ದಾಟುವ ಮುಂಚೆ ನೀಲಾಂಬಿಕೆಯ ಕಡೆ ತಿರುಗಿದರು. "ಸಿಕ್ಕಿದರೆ ನಿಮಗೇ ತಂದು ತೋರಿಸುತ್ತೇನೆ, ಆಗಬಹುದಾ?"

ಅವಳು ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಹೂಂ ಎಂದು ತಲೆಯಾಡಿಸಿದರು.

ಲೋಬೊ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಅಸಲಿ ಅಂತ ಇದನ್ನೇ ತೋರಿಸಿ ಕಲಿಸಿದಿರಿ. ಹಾಗಾದರೆ ಕಲಿಸಿದ್ದೆಲ್ಲ ತಪ್ಪೇ, ಮೇಷ್ಟ್ರೇ?"

"ಕಲಿಸಿದ್ದು ಸರಿಯಾಗೇ ಇತ್ತು, ನೀಲಾ" ಎಂದರು ಮೇಷ್ಟ್ರು. "ನಾನು ಕಲಿತದ್ದು ಇವತ್ತು."