ಮೂರನೆಯ ದಾಳಿ

"ನಾಳೆ ಫೈನಲ್ ಇದೆ, ಸಾರ್. ಮೂರನೆಯ ದಾಳಿಗೆ ಬೆಂಚಿನಲ್ಲಿ ಕೂತವನನ್ನು ಕಳಿಸುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ತಿಪ್ಪೇಶ. ಒಂದು ಕಾಲೇಜಿನ ಕಬಡ್ಡಿ ತಂಡಕ್ಕೆ ಹೊಸದಾಗಿ ತರಬೇತುದಾರನಾಗಿದ್ದ. ಕೇಳಿದ್ದು, ಬಹಳ ಹಿಂದೆ ತನಗೆ ಆಟ ಕಲಿಸಿದ ಹಾಲಸ್ವಾಮಿ ಮೇಷ್ಟ್ರನ್ನು. ಮೇಷ್ಟ್ರು ನಿವೃತ್ತರಾಗಿ ಐದಾರು ವರ್ಷವಾಗಿತ್ತು. ಯಾರಾದರೂ ಆಟದ ಮಾತು ಎತ್ತಿದರೆ ಅವರಿಗೆ ಅದೇ ಹಬ್ಬ.

"ಉತ್ತರ ಆಮೇಲೆ. ಮೊದಲು ಇದನ್ನು ಊಹಿಸು," ಎಂದರು ಮೇಷ್ಟ್ರು. "ಫೈನಲ್ ಪಂದ್ಯ. ಎರಡೂ ಕಡೆ ಇಪ್ಪತ್ತೇಳು ಅಂಕ. ಕೊನೆಯ ದಾಳಿ. ಹೋದವನನ್ನು ಯಾರೂ ಹಿಡಿಯಲಿಲ್ಲ. ಅವನ ಮೈಗೆ ಒಂದು ಬೆರಳೂ ತಾಗಲಿಲ್ಲ. ಕ್ಷೇಮವಾಗಿ ನಡುಗೆರೆ ದಾಟಿ ಹಿಂದಕ್ಕೆ ಬಂದ. ತಂಡ ಸೋತಿತು. ಏನಾಗಿರಬಹುದು?"

"ಇದರಲ್ಲಿ ಊಹಿಸುವುದೇನಿದೆ ಸಾರ್? ಮೊದಲ ಎರಡು ದಾಳಿ ಬರಿಗೈ ಆಗಿರಬೇಕು. ಮೂರನೆಯದರಲ್ಲೂ ಯಾರನ್ನೂ ಮುಟ್ಟದೆ ಬಂದರೆ ಅವನು ಔಟು, ಎದುರಿನವರಿಗೆ ಒಂದು ಅಂಕ."

"ನೀನು ನಿಯಮ ಹೇಳಿದೆ. ಏನಾಯಿತು ಎಂದು ಹೇಳಲಿಲ್ಲ. ಕೂತುಕೋ ಮಾರಾಯ. ಹೀಗೆ ಸಿಳ್ಳೆಯ ದಾರವನ್ನು ಬೆರಳಿಗೆ ಸುತ್ತುತ್ತಾ ಅತ್ತಿಂದಿತ್ತ ಓಡಾಡಿದರೆ ನನಗೆ ಕತೆಯೇ ಮರೆತುಹೋಗುತ್ತದೆ."

ತಿಪ್ಪೇಶ ಕೂತ. ಮೇಷ್ಟ್ರು ಹೇಳತೊಡಗಿದರು.

ಒಂದು ಕಾಲೇಜಿನಲ್ಲಿ ಒಬ್ಬ ತರಬೇತುದಾರನಿದ್ದ. ಅವನ ತಂಡದಲ್ಲಿ ಒಬ್ಬ ಒಳ್ಳೆಯ ದಾಳಿಗಾರನಿದ್ದ. ತಂಡದ ಅರ್ಧ ಅಂಕ ಅವನದೇ. ಅವನು ಔಟಾಗಿ ಹೊರಗೆ ಕೂತರೆ ಉಳಿದವರ ಕೈಕಾಲು ಆಡುತ್ತಿರಲಿಲ್ಲ. ಬೆಂಚಿನಲ್ಲಿ ಇನ್ನೊಬ್ಬ ದಾಳಿಗಾರನಿದ್ದ. ಕೊನೆಯ ವರ್ಷದವನು. ಅವನನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ಮೂರನೆಯ ದಾಳಿ ಎಂದರೆ ನಿನಗೆ ಗೊತ್ತೇ ಇದೆ. ಬಂದವನು ಮುಟ್ಟಲೇಬೇಕು, ಮುಟ್ಟಬೇಕಾದರೆ ಒಳಗೆ ನುಗ್ಗಲೇಬೇಕು ಎಂಬುದು ಎದುರಿನ ಏಳು ಜನರಿಗೂ ತಿಳಿದಿರುತ್ತದೆ. ಅವರು ಕಾಯುತ್ತಾರೆ. ಕಾಲಿಗೆ ಬೀಳುತ್ತಾರೆ, ಸೊಂಟಕ್ಕೆ ಬೀಳುತ್ತಾರೆ. ಮೊಣಕಾಲು ಹೋಗುವುದು ಅಲ್ಲೇ, ಭುಜ ಜಾರುವುದೂ ಅಲ್ಲೇ. ಒಳ್ಳೆಯವನನ್ನು ಅಲ್ಲಿಗೆ ಏಕೆ ಕಳಿಸಲಿ ಎಂದು ತರಬೇತುದಾರ ಯೋಚಿಸಿದ. ಬೆಂಚಿನವನು ಹೋಗಲಿ. ಬಂದರೆ ಬಂದ. ಆದ್ದರಿಂದ ಅಂಥ ಹೊತ್ತು ಬಂದಾಗ ವಿರಾಮ ಕೇಳಿ, ಒಬ್ಬನನ್ನು ಹೊರಗೆ ಕರೆದು, ಇವನನ್ನು ಒಳಗೆ ಬಿಡುತ್ತಿದ್ದ.

ಇಲ್ಲಿಯವರೆಗೆ ತಪ್ಪೇನೂ ಇಲ್ಲ, ತಿಪ್ಪೇಶ. ಲೋಕವೇ ಹಾಗೆ ಮಾಡುತ್ತದೆ. ಸಂಜೆಯ ಮಬ್ಬಿನಲ್ಲಿ ವಿಕೆಟ್ ಬಿದ್ದರೆ ಕ್ರಿಕೆಟ್ಟಿನವರು ಒಳ್ಳೆಯ ಬ್ಯಾಟ್ಸ್‌ಮನ್‌ನನ್ನು ಉಳಿಸಲು ಬಾಲಂಗೋಚಿಯನ್ನು ಕಳಿಸುವುದಿಲ್ಲವೇ? ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲ್ ಎಂದು ಕರೆದು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಾರೆ. ಅದೇನು ಫುಟ್‌ಬಾಲೋ ನಾನು ಕಾಣೆ. ಅಲ್ಲೂ ಎದುರಾಳಿ ಒದ್ದ ಚೆಂಡನ್ನು ಹಿಡಿದು, ಓಡಿ ಬರುವ ಹನ್ನೊಂದು ಜನರಿಗೆ ಎದೆ ಕೊಡಲು ಎಷ್ಟೋ ಸಲ ಬೆಂಚಿನವನನ್ನೇ ನಿಲ್ಲಿಸುತ್ತಾರೆ. ಇರಲಿ, ಕತೆಗೆ ಬರುತ್ತೇನೆ.

ಬೆಂಚಿನವನು ಎದ್ದು ಅಂಕಣಕ್ಕೆ ಇಳಿಯುವಾಗ ಜೊತೆಯವರು, "ಹೋಗಿ ಬಾರಪ್ಪ. ಬರದಿದ್ದರೂ ಬೇಜಾರಿಲ್ಲ" ಎನ್ನುತ್ತಿದ್ದರು. ಅವನೂ ನಗುತ್ತಿದ್ದ. ಮೊದಲ ಐದು ಸಲ ಅವನು ಬರಲಿಲ್ಲ. ರಾಶಿ ಬಿದ್ದವರ ಅಡಿಯಿಂದ ಎದ್ದು, ಮಣ್ಣು ಕೊಡವಿಕೊಂಡು, ಹೊರಗೆ ಹೋಗಿ ಕೂತ. ಆರನೆಯ ಸಲ ಬಂದ. ಆಮೇಲೆ ಒಂದು ಸಲ ಬಿಟ್ಟು ಒಂದು ಸಲ ಬಂದ. ಆಮೇಲೆ ಬರುತ್ತಲೇ ಇದ್ದ. ಕಾಲು ಹಿಡಿದವನನ್ನೂ ಎಳೆದುಕೊಂಡು ಗೆರೆಯವರೆಗೆ ತೆವಳುತ್ತಿದ್ದ. ಒಂದು ಬೆರಳು ಗೆರೆಗೆ ತಾಗಿದರೆ ಸಾಕಲ್ಲ. ಅವನಿಗೆ ಬಾರದಿದ್ದ ವಿದ್ಯೆ ಒಂದೇ, ಬರಿಗೈಯಲ್ಲಿ ಹಿಂದಿರುಗುವುದು. ಅದನ್ನು ಕಲಿಯಲು ಅವನಿಗೆ ಯಾರೂ ಅವಕಾಶ ಕೊಟ್ಟಿರಲಿಲ್ಲ.

ಜನ ಚಪ್ಪಾಳೆ ತಟ್ಟಿದರು. ತರಬೇತುದಾರನೂ ತಟ್ಟಿದ. ಇವನ ಅದೃಷ್ಟ ಚೆನ್ನಾಗಿದೆ ಎಂದ.

ಫೈನಲ್ ಬಂತು. ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರರನ್ನು ಆರಿಸುವ ಮೂವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಒಳ್ಳೆಯ ದಾಳಿಗಾರನ ಹೆಸರು ಆಗಲೇ ಅವರ ಪಟ್ಟಿಯಲ್ಲಿತ್ತು. ಬೆಂಚಿನವನಿಗೆ ಅದು ಕೊನೆಯ ಪಂದ್ಯ. ಅಂದು ಅವರ ಕಣ್ಣಿಗೆ ಬೀಳದಿದ್ದರೆ ಅವನ ಆಟ ಅಲ್ಲಿಗೆ ಮುಗಿದಂತೆ. ಅವನಿಂದ ಕೂತಲ್ಲಿ ಕೂರಲಾಗಲಿಲ್ಲ. ಎದ್ದ, ಕೂತ. ಮೊಣಕಾಲಿನ ಪಟ್ಟಿ ಬಿಚ್ಚಿದ, ಕಟ್ಟಿದ. ನೀರು ಕುಡಿದ, ಮತ್ತೆ ಬಾಟಲಿಗೆ ಕೈ ಹಾಕಿದ. ಒಳ್ಳೆಯ ದಾಳಿಗಾರ ಅಂದು ಹೋದಾಗಲೆಲ್ಲ ಅಂಕ ತರುತ್ತಿದ್ದ, ಮೂರನೆಯ ದಾಳಿಯ ಹೊತ್ತು ಬರಲೇ ಇಲ್ಲ. ಬಂದದ್ದು ಕೊನೆಯ ನಿಮಿಷದಲ್ಲಿ. ಇಪ್ಪತ್ತೇಳಕ್ಕೆ ಇಪ್ಪತ್ತೇಳು. ತರಬೇತುದಾರ ವಿರಾಮ ಕೇಳಿದ. ಬೆಂಚಿನವನು ಮೇಲಂಗಿ ತೆಗೆದು ಅಂಕಣದ ಅಂಚಿಗೆ ಬಂದು ನಿಂತ.

"ಮೂರನೇದು, ಸಾರ್. ನಾನು ಹೋಗ್ಲಾ?"

"ನೀನು ಬೇಡ ಕಣೋ. ಇವತ್ತು ಸೋಲಬಾರದು."

ಬರದಿದ್ದರೂ ಬೇಜಾರಿಲ್ಲ ಎಂಬ ಜೊತೆಯವರ ಮಾತನ್ನು ಅವನು ಅಲ್ಲಿಯವರೆಗೆ ತಮಾಷೆ ಎಂದುಕೊಂಡಿದ್ದ.

ಒಳ್ಳೆಯ ದಾಳಿಗಾರ ಹೋದ. ಆ ವರ್ಷ ಅವನು ಮೂರನೆಯ ದಾಳಿಗೆ ಹೋದದ್ದು ಅದೇ ಮೊದಲು. ಕಬಡ್ಡಿ ಕಬಡ್ಡಿ ಎನ್ನುತ್ತಾ ಎಡಕ್ಕೆ ಸರಿದ, ಬಲಕ್ಕೆ ಸರಿದ. ಮೂಲೆಯವನು ಅವನ ಕಾಲಿಗೆ ಕೈ ಚಾಚಿದ. ಅಪಾಯ ಕಂಡರೆ ಹಿಂದಿರುಗು ಎಂದು ತರಬೇತುದಾರನೇ ಅವನಿಗೆ ಕಲಿಸಿದ್ದ. ಕಾಲು ತಾನಾಗಿ ತಿರುಗಿತು. ಯಾವ ದಾಳಿ ಎಂಬುದು ಅವನಿಗೆ ನೆನಪಾದದ್ದು ಗೆರೆ ದಾಟಿದ ಮೇಲೆ.

ಬೆಂಚಿನವನು ಮೇಲಂಗಿ ಹಾಕಿಕೊಂಡ. ತರಬೇತುದಾರ ಅವನ ಹೆಗಲ ಮೇಲೆ ಕೈ ಇಟ್ಟ. ಅವನು ಆ ಕೈಯನ್ನು ಮೆಲ್ಲಗೆ ಸರಿಸಿ ಹೊರಟುಹೋದ. ಮತ್ತೆಂದೂ ಆಡಲಿಲ್ಲ.

ಮೇಷ್ಟ್ರು ನಿಲ್ಲಿಸಿದರು. ತಿಪ್ಪೇಶ ಎದ್ದು ನಿಂತಿದ್ದ.

"ಇದು ನೀವು ಕಟ್ಟಿದ ಕತೆ, ಸಾರ್. ಅಷ್ಟು ಸಲ ಗೆದ್ದು ಬಂದವನನ್ನು ಕಣ್ಣಾರೆ ಕಂಡೂ ಅವನನ್ನು ಹೊರಗೇ ನಿಲ್ಲಿಸುವಷ್ಟು ದಡ್ಡ ಎಲ್ಲಾದರೂ ಇರುತ್ತಾನೆಯೇ?"

"ಇವತ್ತು ಸೋಲಬಾರದು ಎಂದವನು ನಾನೇ, ತಿಪ್ಪೇಶ, ಎರಡು ಸಾವಿರದ ಹದಿನೇಳು, ನವೆಂಬರ್ ಇಪ್ಪತ್ತೊಂದು, ಮಂಗಳವಾರ."