ಹಗುರಾದ ಪೆಟ್ಟಿಗೆ

ಪ್ರೀತೇಶ ಕೇಳಿದ: "ಮಾಸ್ತರೇ, ಗಿಟಾರಿಗೆ ಸ್ಪೀಕರ್ ಪೆಟ್ಟಿಗೆ ಕೊಳ್ಳಬೇಕು. ದೊಡ್ಡದರಲ್ಲಿ ನಾದ ತುಂಬಿ ಬರುತ್ತದೆ, ಆದರೆ ಅದನ್ನು ಹೊರಲು ಆಗುವುದಿಲ್ಲ. ಸಣ್ಣದನ್ನು ಒಂದೇ ಕೈಯಲ್ಲಿ ಎತ್ತಬಹುದು, ಆದರೆ ನಾದ ಎಷ್ಟು ದೂರ ಮುಟ್ಟೀತೋ ಗೊತ್ತಿಲ್ಲ. ಯಾವುದು ಸರಿ?"

ಪಾಸ್ಕಲ್ ಮಾಸ್ತರರು ಗಿಟಾರಿನ ತಂತಿ ಸಡಿಲಿಸಿ ಪಕ್ಕಕ್ಕಿಟ್ಟರು. ಪಾಠ ಮುಗಿದಿತ್ತು. ಅವರು ಒಂದು ಕತೆ ಹೇಳಿದರು.

ಒಬ್ಬ ಗಿಟಾರ್ ವಾದಕನಿದ್ದ. ಮದುವೆಗಳಲ್ಲಿ ಹಾಡುವ ಒಂದು ತಂಡದಲ್ಲಿ ನುಡಿಸುತ್ತಿದ್ದ. ಅವನ ಪೆಟ್ಟಿಗೆ ನಾಲ್ಕು ಸ್ಪೀಕರಿನದು, ದಪ್ಪ ಹಲಗೆಯದು. ಒಬ್ಬರಿಂದ ಅಲುಗದು. ಒಂದು ಹಿಡಿಕೆಯನ್ನು ಅವನು ಹಿಡಿದರೆ ಇನ್ನೊಂದನ್ನು ಅವನ ಹೆಂಡತಿ ಹಿಡಿಯುತ್ತಿದ್ದಳು. ಇಬ್ಬರೂ ಅದನ್ನು ಆಟೋದಲ್ಲಿ ಹೇರಿಕೊಂಡು ಊರೂರಿಗೆ ಹೋಗುತ್ತಿದ್ದರು. ಅವನ ನಾದವನ್ನು ಜನ ಮೆಚ್ಚುತ್ತಿದ್ದರು. ಗಿಟಾರೂ ಕೇಳಿಸುತ್ತದೆ, ಹಾಡಿನ ಮಾತೂ ಕೇಳಿಸುತ್ತದೆ, ಇಂಥ ಹದ ಬೇರೆಯವರಿಗೆ ಬರುವುದಿಲ್ಲ ಎನ್ನುತ್ತಿದ್ದರು. ಪೆಟ್ಟಿಗೆ ಒಳ್ಳೆಯದು ಎಂದು ಅವನು ವಿನಯದಿಂದ ಹೇಳುತ್ತಿದ್ದ. ಹಾಗೆಂದೇ ನಂಬಿದ್ದ.

ಒಂದು ಸಲ ಸಭಾಭವನದ ಮೆಟ್ಟಿಲು ಹತ್ತುವಾಗ ಹೆಂಡತಿ ಎಡವಿದಳು. ಪೆಟ್ಟಿಗೆಯ ಮೂಲೆ ಅವಳ ಮೊಣಕಾಲಿಗೆ ಬಡಿಯಿತು. ಅವಳು ಹಿಡಿಕೆ ಬಿಡಲಿಲ್ಲ, ನೋವೆಂದು ಹೇಳಲೂ ಇಲ್ಲ. ಮನೆಯಲ್ಲಿ ಅವಳು ಕುಂಟುತ್ತಾ ಓಡಾಡುವುದನ್ನು ಅವನು ಕಂಡ. ಇನ್ನು ಇವಳಿಂದ ಹೊರಿಸಬಾರದು ಎಂದು ನಿಶ್ಚಯಿಸಿದ.

ಪೇಟೆಯಲ್ಲಿ ಒಬ್ಬ ವ್ಯಾಪಾರಿಯ ಅಂಗಡಿಗೆ ಹೋದ. ಇದ್ದಬದ್ದ ಪೆಟ್ಟಿಗೆಗಳನ್ನೆಲ್ಲ ನುಡಿಸಿ ನೋಡಿದ. ಕೆಲವು ಹಗುರ, ಆದರೆ ಡಬ್ಬ ಬಡಿದ ಹಾಗೆ ಕೇಳಿಸಿದವು. ಕೆಲವು ಚೆನ್ನಾಗಿ ನುಡಿದವು, ಆದರೆ ಎತ್ತಲು ಮತ್ತೆ ಎರಡು ಜೊತೆ ಕೈ ಬೇಕು. ಕೊನೆಗೆ ಒಂದೇ ಸ್ಪೀಕರಿನ, ಹಗುರ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಹಿಂಬದಿ ಮುಚ್ಚಿದ್ದರಿಂದ ಕೆಳಸ್ವರಗಳು ಗಟ್ಟಿಯಾಗಿ ಬರುತ್ತಿದ್ದವು. ಅದನ್ನೇ ಕೊಂಡ. ಆಯ್ಕೆ ಸರಿಯಾಗಿಯೇ ಇತ್ತು.

"ಇನ್ನು ನೀನು ಹೊರಬೇಕಾಗಿಲ್ಲ" ಎಂದು ಹೆಂಡತಿಗೆ ಹೇಳಿದ.

ಅವಳು ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ ಕೆಳಗಿಟ್ಟಳು. "ಚೆನ್ನಾಗಿದೆ" ಎಂದಳು.

ಮುಂದಿನ ಮದುವೆಗೆ ಅವನು ಪೆಟ್ಟಿಗೆಯನ್ನು ಸ್ಕೂಟರಿನಲ್ಲಿ ಕಾಲಬಳಿ ಇಟ್ಟುಕೊಂಡು ಹೊರಟ. ಅವಳು ಸೀರೆ ಬದಲಾಯಿಸಿ ಜಗಲಿಗೆ ಬಂದು ನಿಂತಿದ್ದಳು. ಅವಳನ್ನು ಬಾ ಎನ್ನಲು ಅವನಿಗೆ ಕಾರಣ ಹೊಳೆಯಲಿಲ್ಲ. ವಿಶ್ರಾಂತಿ ತೆಗೆದುಕೋ ಎಂದು ಹೇಳಿ ಹೋದ. ಅವಳಿಗೆ ಒಂದು ಉಪಕಾರ ಮಾಡಿದ ಸಮಾಧಾನ ಅವನಿಗೆ ದಾರಿಯುದ್ದಕ್ಕೂ ಇತ್ತು.

ಆ ದಿನ ಹಾಡುಗಾರ್ತಿ ಗೊಣಗಿದಳು. ಗಿಟಾರಿನ ಅಬ್ಬರದಲ್ಲಿ ತನ್ನ ಮಾತು ಮುಳುಗಿತೆಂದಳು. ಮುಂದಿನ ಸಲ ಅವನು ನಾದ ತಗ್ಗಿಸಿದ. ಆಗ ಗಿಟಾರು ಇತ್ತೋ ಇಲ್ಲವೋ ಎಂದು ಜನ ಕೇಳಿದರು. ಏರಿಸಿದರೆ ಹೆಚ್ಚಾಯಿತು, ಇಳಿಸಿದರೆ ಕಡಿಮೆಯಾಯಿತು. ತಂಡದ ಯಜಮಾನ ದೊಡ್ಡ ಮದುವೆಗಳಿಗೆ ಬೇರೊಬ್ಬನನ್ನು ಕರೆಯತೊಡಗಿದ.

ವಾದಕ ಅಂಗಡಿಗೆ ಹೋಗಿ ಪೆಟ್ಟಿಗೆ ಸರಿಯಿಲ್ಲ ಎಂದ. ವ್ಯಾಪಾರಿ ಅದನ್ನು ಬಿಚ್ಚಿ ನೋಡಿದ, ನುಡಿಸಿ ನೋಡಿದ. ಅದರಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ವಾದಕ ಅದನ್ನು ಮೂಲೆಗಿಟ್ಟು, ಕೂಲಿಯವನೊಬ್ಬನನ್ನು ಹಿಡಿದು ಹಳೆಯ ಪೆಟ್ಟಿಗೆಯನ್ನು ಹೊರಿಸಿಕೊಂಡು ಹೋದ. ಅಂದೂ ಅದೇ ದೂರು ಬಂತು. ಆಗ ಅವನಿಗೆ ದಿಗಿಲಾಯಿತು. ಪೆಟ್ಟಿಗೆಯದ್ದಲ್ಲವಾದರೆ ತಪ್ಪು ತನ್ನ ಕೈಯದ್ದೇ ಇರಬೇಕು. ಮನೆಗೆ ಬಂದು ಗಿಟಾರನ್ನು ಅಟ್ಟಕ್ಕೆ ಹಾಕಿದ.

"ಕೈ ಹೋಯಿತು. ಇನ್ನು ನುಡಿಸುವುದಿಲ್ಲ" ಎಂದ.

ಹೆಂಡತಿ ಅಟ್ಟ ಹತ್ತಿ ಗಿಟಾರನ್ನು ಇಳಿಸಿ ತಂದಳು. "ಭಾನುವಾರದ ಮದುವೆಗೆ ಒಪ್ಪಿಕೊಂಡಿದ್ದೀರಿ. ಅದೊಂದನ್ನು ಮುಗಿಸಿ ಬಿಡಿ. ನಾನೂ ಬರುತ್ತೇನೆ" ಎಂದಳು.

ಭಾನುವಾರ ಅವಳು ಸ್ಕೂಟರಿನ ಹಿಂದೆ ಕೂತು ಹೋದಳು. ಸಣ್ಣ ಪೆಟ್ಟಿಗೆಯೇ ಜೊತೆಗಿತ್ತು. ಸಭಾಭವನದಲ್ಲಿ ಅವಳಿಗೆ ಕೆಲಸವೇನೂ ಇರಲಿಲ್ಲ. ಹೋಗಿ ಮೊದಲಿನಂತೆಯೇ ಕೊನೆಯ ಸಾಲಿನಲ್ಲಿ ಹೆಂಗಸರ ನಡುವೆ ಕೂತಳು. ಹಾಡು ಶುರುವಾಯಿತು. ಅವನು ತಲೆ ಎತ್ತಿ ಅವಳನ್ನು ನೋಡಿದ. ಅವಳ ಹುಬ್ಬು ಗಂಟಿಕ್ಕಿತ್ತು. ಅವನ ಕೈ ತಾನಾಗಿ ತಿರುಗಣೆಗೆ ಹೋಗಿ ನಾದ ತಗ್ಗಿಸಿತು. ಮತ್ತೆ ನೋಡಿದ. ಅವಳು ಮುಂದೆ ಬಾಗಿ ಕಿವಿಗೊಟ್ಟು ಕೂತಿದ್ದಳು. ಅವನು ಕೊಂಚ ಏರಿಸಿದ. ಮೂರನೆಯ ಸಲ ನೋಡಿದಾಗ ಅವಳು ಅವನನ್ನು ಮರೆತು, ಹಾಡಿಗೆ ತಲೆದೂಗುತ್ತಿದ್ದಳು. ಹಾಡುಗಾರ್ತಿ ತಿರುಗಿ ಅವನತ್ತ ನಕ್ಕಳು.

ಪೆಟ್ಟಿಗೆಯ ಪಕ್ಕ ನಿಂತವನಿಗೆ ಕೇಳುವ ನಾದವೇ ಬೇರೆ, ಸಭೆಯ ತುದಿಗೆ ಮುಟ್ಟುವ ನಾದವೇ ಬೇರೆ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಇಷ್ಟು ವರ್ಷ ತುದಿಯ ನಾದವನ್ನು ತಾನು ಯಾರ ಮುಖದಲ್ಲಿ ಕೇಳುತ್ತಿದ್ದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಹಿಂತಿರುಗುವಾಗ ಅವನು ರಸ್ತೆಯ ಬದಿಗೆ ಸ್ಕೂಟರ್ ನಿಲ್ಲಿಸಿದ.

"ನಿನಗೆ ಸಂಗೀತ ಬರುವುದಿಲ್ಲವಲ್ಲ?"

"ಇಲ್ಲ. ಹಾಡಿನ ಮಾತು ಕೇಳಿಸದಿದ್ದರೆ ಬೇಜಾರಾಗುತ್ತದೆ, ಅಷ್ಟೇ."

"ಮತ್ತೆ ಇಷ್ಟು ದಿನ ಯಾಕೆ ಬರಲಿಲ್ಲ?"

"ನೀವು ಕರೆಯಲಿಲ್ಲ. ಪೆಟ್ಟಿಗೆ ಹಗುರಾಯಿತಲ್ಲ."

ಅವನು ಸ್ಕೂಟರಿನ ಮೇಲೆ ಹಾಗೆಯೇ ಕೂತಿದ್ದ. ಬಸ್ಸೊಂದು ದಾಟಿ ಹೋಯಿತು, ಅದರ ಹಿಂದೆ ಇನ್ನೊಂದು ಹೋಯಿತು. ಮನೆಗೆ ಅಕ್ಕಿ ಹಿಟ್ಟು ಬೇಕಿತ್ತು ಎಂದು ಅವಳೇ ನೆನಪು ಮಾಡಿದಳು. ಅವನು ಸ್ಕೂಟರ್ ಹೊರಡಿಸಿದ.

ಮುಂದಿನ ವಾರ ಅವನು ಹೊರಡುವ ಮೊದಲು ಒಳಗೆ ಹೋಗಿ ಅವಳನ್ನು ಕರೆದ. ಅಂದು ಅವಳಿಗೆ ಬೇರೆ ಕೆಲಸವಿತ್ತು. ಅದನ್ನು ಬಿಟ್ಟು ಬಂದಳು. ಆಮೇಲೂ ಬರುತ್ತಲೇ ಇದ್ದಳು. ಬಯಲಿನ ಮದುವೆಯಿದ್ದರೆ ದೊಡ್ಡ ಪೆಟ್ಟಿಗೆ, ಕೂಲಿಯಾಳು ಹೊರುತ್ತಿದ್ದ. ಸಭಾಭವನಕ್ಕೆ ಸಣ್ಣದು ಸಾಕಾಗುತ್ತಿತ್ತು. ಯಜಮಾನ ಅವನನ್ನು ಮತ್ತೆ ದೊಡ್ಡ ಮದುವೆಗಳಿಗೂ ಕರೆದ.

ಮಾಸ್ತರರು ಕತೆ ನಿಲ್ಲಿಸಿದರು. ಪ್ರೀತೇಶನಿಗೆ ಉತ್ತರ ಸಿಕ್ಕಿತು ಅನ್ನಿಸಿತು. ಅವನ ತಂಡ ಸಾಮಾನ್ಯವಾಗಿ ನುಡಿಸುವುದು ಸಭಾಭವನಗಳಲ್ಲಿ.

"ಹಾಗಾದರೆ ನನಗೆ ಸಣ್ಣದೇ ಸಾಕಲ್ಲವೇ, ಮಾಸ್ತರೇ?"

"ಸಾಕು" ಎಂದರು ಮಾಸ್ತರರು. "ಕೊನೆಯ ಸಾಲಿನಲ್ಲಿ ಕೂರಲು ಯಾರನ್ನು ಕರೆದುಕೊಂಡು ಹೋಗುತ್ತೀ?"

ಪ್ರೀತೇಶ ಬಾಯಿ ತೆರೆದ. ಯಾವ ಹೆಸರೂ ಬರಲಿಲ್ಲ.